ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುತ್ತಿದ್ದವರು

ಶಹಾಪುರದ ಸರ್ಕಲ್ಲಿನಲ್ಲಿ ಬಸ್ಸಿನಿಂದಿಳಿದು ತಲೆ ಎತ್ತಿದರೆ ಅವರು ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಹತ್ತಡಿಯ ಬ್ಯಾನರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಕಡೆ ದೀಪ, ನಡುವೆ ಅವರ ಮುಖ. ಎರಡು ದಿನದ ಹಿಂದೆಯಷ್ಟೇ ಅವರನ್ನು ಮಣ್ಣು ಮಾಡಿ ಬಂದಿದ್ದೆವು. ಬ್ಯಾನರಿನ ಮುಖ ಅವರದೇ ಎಂದು ಖಾತ್ರಿಯಾಗಲು ಕೆಳಗಿನ ಹೆಸರು ಓದಬೇಕಾಯಿತು. ಕೆನ್ನೆಯ ಸುಕ್ಕು ಮಾಯವಾಗಿತ್ತು, ಎಲೆ ಅಡಿಕೆಯ ಹಲ್ಲು ಹಾಲಿನ ಹಾಗೆ ಬೆಳ್ಳಗಾಗಿತ್ತು, ತಲೆಯ ಮೇಲೆ ಇಪ್ಪತ್ತು ವರ್ಷದಿಂದ ಇಲ್ಲದ ಕೂದಲು ಬೆಳೆದಿತ್ತು. ಊರಿನ ಮುಖಗಳನ್ನೆಲ್ಲ ಮೂವತ್ತು ವರ್ಷ ಫೋಟೋಗಳಲ್ಲಿ ಹೀಗೆಯೇ ತೊಳೆದು ಒರೆಸಿ ಕೊಟ್ಟ ಮನುಷ್ಯನಿಗೆ ಊರು ತಿರುಗಿ ಕೊಟ್ಟ ಮರ್ಯಾದೆ ಇದು ಅನಿಸಿ ನಗು ಬಂತು.

ಆಮೇಲೆ ಬ್ಯಾನರಿನ ಬಲಮೂಲೆ ನೋಡಿದೆ. ಅವರ ತಲೆಯ ಮೇಲೆ, ರೆಕ್ಕೆ ಬಿಚ್ಚಿಕೊಂಡು, ಆ ಕೆಂಪು ಹಕ್ಕಿ ಇತ್ತು. ನಗು ಅಲ್ಲಿಗೇ ನಿಂತಿತು.

ಹಾಕಿಸಿದವರು ಪ್ರೀತಿಯಿಂದಲೇ ಹಾಕಿಸಿದ್ದರು. ಆ ಹಕ್ಕಿಯ ಫೋಟೋ ತೆಗೆದವರು ಅವರೇ, ಅದರಿಂದಲೇ ಅವರಿಗೆ ಹೆಸರು ಬಂದದ್ದು. ಆದರೆ ಅವರು ಏಳು ವರ್ಷದಿಂದ ಆ ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹೆಣಗಾಡುತ್ತಿದ್ದರು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಅವರ ಹೆಂಡತಿ. ಇನ್ನೊಬ್ಬ ನಾನು. ತಪ್ಪಿಸಿಕೊಳ್ಳಲು ಬಿಡದವನೂ ನಾನೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅದನ್ನು ಹಿಡಿದು ಕರೆದವರು ಕಡಿಮೆ. ಊರಿಗೆಲ್ಲ ‘ಸ್ಟುಡಿಯೋದವರು’. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮಹಡಿ ಮನೆಯ ಮೆಟ್ಟಿಲಿನ ಕೆಳಗಿನ ಜಾಗವೇ ಸ್ಟುಡಿಯೋ. ಒಳಗೆ ಕಿಟಕಿ ಇಲ್ಲ. ಗೋಡೆಗೆ ಒತ್ತಿಕೊಂಡು ಅವರ ಕಂಪ್ಯೂಟರು, ಬೆನ್ನಿಗೆ ಒತ್ತಿಕೊಂಡು ಫೋಟೋ ತೆಗೆಯುವ ನೀಲಿ ಪರದೆ, ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿಕೊಂಡು ಅವರ ಹೆಂಡತಿ. ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಗಿರಾಕಿಗಳನ್ನು ಗದರುವುದು ಎಲ್ಲ ಆಕೆಯದೇ. ಮೆಟ್ಟಿಲ ಮೇಲೆ ಯಾರಾದರೂ ಓಡಾಡಿದರೆ ಇವರ ತಲೆಯ ಮೇಲೆ ಧಡಧಡ ಸದ್ದು.

“ನಾ ಹೊರಗ ಬರಬೇಕಂದ್ರ ಮೊದಲ ಗಿರಾಕಿ ಏಳಬೇಕು, ಆಮ್ಯಾಲ ಈಕಿ ಏಳಬೇಕು, ಕಡೀಗೆ ನಾ ಏಳಬೇಕು,” ಎನ್ನುತ್ತಿದ್ದರು. “ಅದಕ್ಕs ಏಳೂದ ಬಿಟ್ಟೀನಿ.”

ನಾನು ಭೀಮರಾಯನಗುಡಿ ಕ್ಯಾಂಪಿನಲ್ಲಿ ಗುಮಾಸ್ತ. ಜೊತೆಗೆ ನಮ್ಮದೊಂದು ಸಣ್ಣ ನೌಕರರ ಸಂಘಕ್ಕೆ ಕಾರ್ಯದರ್ಶಿ. ಸಂಘದ ಸಮಾರಂಭಗಳ ಫೋಟೋ ನೆಪದಲ್ಲಿ ಅವರ ಪರಿಚಯವಾಯಿತು. ಹೋದಾಗಲೆಲ್ಲ ಆಕೆಯ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕುಳಿತು ಅವರ ಕೈ ನೋಡುತ್ತಿದ್ದೆ. ನಮ್ಮ ಕಡೆಯ ಮದುವೆಗಳಲ್ಲಿ ಹಂದರದ ತುಂಬ ವೈರುಗಳೇ. ಲೈಟಿನ ವೈರು, ಮೈಕಿನ ವೈರು, ಮದುಮಗಳ ಕಿವಿಯ ಹಿಂದಿನಿಂದ ಹಾದುಹೋದ ಫ್ಯಾನಿನ ವೈರು. ಇವರು ಪಕ್ಕದ ಗೋಡೆಯ ಬಣ್ಣವನ್ನೋ ಆಕಾಶವನ್ನೋ ತೆಗೆದು ಅದರ ಮೇಲೆ ಬಳಿದು, ಕ್ಷಣದಲ್ಲಿ ಎಲ್ಲ ಸಾಫ್ ಮಾಡುತ್ತಿದ್ದರು. ನನ್ನ ಜೊತೆ ಮಾತಾಡುತ್ತಿರುವಾಗಲೂ ಕೈ ಅದರ ಪಾಡಿಗೆ ವೈರು ಹುಡುಕಿ ಅಳಿಸುತ್ತಿತ್ತು. ರಸ್ತೆಯಲ್ಲಿ ನಡೆಯುವಾಗ ಕಂಬದಿಂದ ಕಂಬಕ್ಕೆ ಹೋದ ತಂತಿ ಕಂಡರೆ ಅವರ ಬಲಗೈಯ ತೋರುಬೆರಳು ತಾನಾಗಿ ಅಲುಗುವುದನ್ನು ನಾನೇ ನೋಡಿದ್ದೇನೆ.

ಒಮ್ಮೆ ಸುರಪುರದ ಕಡೆಯ ಹೆಣ್ಣುಮಗಳೊಬ್ಬಳು ತೀರಿಹೋದ ಗಂಡನ ಫೋಟೋ ದೊಡ್ಡದು ಮಾಡಿಸಲು ಕೊಟ್ಟಿದ್ದಳು. ರೇಷನ್ ಕಾರ್ಡಿನಲ್ಲಿದ್ದ, ಉಗುರಿನಷ್ಟು ಚಿತ್ರ. ಇವರು ಎರಡು ದಿನ ಕುಳಿತು ಅದಕ್ಕೆ ಕಣ್ಣು ಮೂಗು ತಂದು, ಪಟಕಾ ಸುತ್ತಿ, ಕಟ್ಟು ಹಾಕಿ ಕೊಟ್ಟರು. ಆಕೆ ನೋಡಿದಳು.

“ಇಂವ ಯಾರ್ರಿ?”

“ನಿಮ್ಮ ಯಜಮಾನ್ರು, ತಾಯಿ.”

“ನನ್ನ ಗಂಡಗ ಹಣಿ ಮ್ಯಾಲ ಎತ್ತು ಹಾದ ಗಾಯ ಇತ್ರಿ. ಅದನ್ನ ತಗದು ಯಾರನ್ನ ಕೂಡ್ಸೀರಿ ಇಲ್ಲಿ?”

ಇವರು ಕಟ್ಟು ಬಿಚ್ಚಿ ಮತ್ತೆ ಕೂತರು. ಗಾಯ ಎಷ್ಟುದ್ದ, ಯಾವ ಕಡೆ ಬಾಗಿತ್ತು ಎಂದು ಆಕೆಯನ್ನು ಕೇಳಿ ಕೇಳಿ, ಸಂಜೆಯ ಹೊತ್ತಿಗೆ ಅದನ್ನು ತಿರುಗಿ ಹಣೆಗೆ ತಂದರು. ಆಗಲೇ ಆಕೆ ಅತ್ತದ್ದು. ಆಕೆ ಹೋದ ಮೇಲೆ ನನಗೆ ಹೇಳಿದರು: “ಅಳಸೂದು ಸಲೀಸ್ರಿ. ಅಳಿಸಿದ್ದನ್ನ ವಾಪಸ್ ತರೂದs ಹೈರಾಣ.”

ದಿನದ ಹತ್ತು ತಾಸು ಆ ಗೂಡಿನಲ್ಲಿ ಕಳೆಯುವ ಮನುಷ್ಯನಿಗೆ ಬಯಲು ಸಿಗುತ್ತಿದ್ದುದು ಮುಂಜಾನೆ ಒಂದೂವರೆ ತಾಸು. ಮೊಪೆಡ್ಡಿನ ಮುಂದೆ ಕ್ಯಾಮೆರಾ ಚೀಲ ಇಟ್ಟುಕೊಂಡು ಕಾಲುವೆಯ ಕಡೆಗೆ ಹೋಗುತ್ತಿದ್ದರು. ನವಿಲು, ಕೊಕ್ಕರೆಯಂಥ ದೊಡ್ಡ ಹಕ್ಕಿಗಳು ಅವರಿಗೆ ಬೇಡ. ಮುಷ್ಟಿಯೊಳಗೆ ಅಡಗುವಂಥವೇ ಬೇಕು. ಗದ್ದೆಯ ಬದುವಿನಲ್ಲಿ, ಜೊಂಡಿನ ಮಗ್ಗುಲಿನಲ್ಲಿ, ಒದ್ದೆ ಮಣ್ಣಿಗೆ ಗೋಣಿಚೀಲ ಹಾಸಿಕೊಂಡು ಕೂತರೆ ಸೊಳ್ಳೆ ಕಚ್ಚಿದರೂ ಅಲುಗುತ್ತಿರಲಿಲ್ಲ. ಆದರೂ ಸಣ್ಣ ಹಕ್ಕಿ ನಿಲ್ಲಬೇಕಲ್ಲ? ಇವರು ಕ್ಯಾಮೆರಾ ಎತ್ತುವುದಕ್ಕೂ ಅದು ಪುರ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಊರಿನವರ ತಮಾಷೆ ಬೇರೆ. “ಗುಬ್ಬಿಗೇನು ಆಧಾರ್ ಕಾರ್ಡ್ ಮಾಡಸ್ತೀರೇನ್ರಿ?” ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದರು. ಇವರು ಅದಕ್ಕೂ ನಗುತ್ತಿದ್ದರು. “ಅದರೂ ಮುಖ ಯಾರರೆ ನೋಡಬೇಕಲ್ರಿ,” ಎಂದದ್ದು ನನಗೆ ನೆನಪಿದೆ.

ದೀಪಾವಳಿಯ ಹತ್ತಿರದ ಒಂದು ಮುಂಜಾನೆ ವನದುರ್ಗದ ದಾರಿಯ ಜೊಂಡಿನಲ್ಲಿ ಅವರಿಗೆ ಆ ಹಕ್ಕಿ ಸಿಕ್ಕಿತು. ಪುಸ್ತಕದಲ್ಲಿ ಅದಕ್ಕೆ ಕೆಂಪು ರಾಟವಾಳ ಎಂದಿದೆ. ಹೆಬ್ಬೆರಳಿನಷ್ಟು ಜೀವ, ಮಾಗಿದ ಮೆಣಸಿನಕಾಯಿಯ ಬಣ್ಣ, ಮೈಮೇಲೆ ಬಿಳಿ ಚುಕ್ಕೆ. ಸ್ಟುಡಿಯೋಕ್ಕೆ ಹೋದರೆ ಅವತ್ತು ಅವರು ಎದ್ದೇ ನಿಂತಿದ್ದರು.

“ಐದ ಹೆಜ್ಜಿ ದೂರ ಇತ್ರಿ! ಇಪ್ಪತ್ತು ನಿಮಿಷ ಹಾರಲಿಲ್ಲ. ರೆಕ್ಕಿ ಬಿಚ್ಚಿ ಬಿಸಿಲು ಕಾಸ್ಕೋತ ನನ್ನ ಕಡೆ ನೋಡಾಕತ್ತಿತ್ತು. ಇಷ್ಟು ವರ್ಷದಾಗ ಇದೊಂದs ನೋಡ್ರಿ ನನ್ನ ನಂಬಿದ್ದು.”

ಚಿತ್ರ ಅದ್ಭುತವಾಗಿತ್ತು. ಹಿಂದೆ ಮಂಜಿನ ಹಸಿರು, ಮುಂದೆ ಆ ಕೆಂಪು, ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿ. ಅಡ್ಡ ಬಂದಿದ್ದ ಎರಡು ಹುಲ್ಲುಕಡ್ಡಿ, ಅದು ಇದು ತೆಗೆದು ಸಾಫ್ ಮಾಡಿದ್ದೇನೆ ಎಂದರು. ಆ ವರ್ಷ ಸಂಘದ ಕ್ಯಾಲೆಂಡರಿಗೆ ಇದೇ ಆಗಲಿ ಎಂದು ನಾನು ಹಟ ಹಿಡಿದೆ. ಕೆಳಗೆ ಹಾಕಲು ಹೆಸರನ್ನೂ ನಾನೇ ಇಟ್ಟೆ: ‘ನಂಬಿಕೆ’. ಸಾಹಿತ್ಯದ ಚಟ ಇದ್ದವರ ಕೈಗೆ ಕ್ಯಾಲೆಂಡರು ಸಿಕ್ಕರೆ ಹೀಗೆಯೇ ಆಗುವುದು.

ಡಿಸೆಂಬರಿನ ಕೊನೆಯ ವಾರ. ಕ್ಯಾಲೆಂಡರಿನ ಕಟ್ಟುಗಳು ಮುದ್ರಣಾಲಯದಿಂದ ಬಂದು ನಮ್ಮ ಕಚೇರಿಯ ಮೂಲೆಯಲ್ಲಿ ಕೂತಿದ್ದವು. ಇವರು ಸ್ಟುಡಿಯೋದಲ್ಲಿ ಹಾಕಿಕೊಳ್ಳಲು ಆ ಚಿತ್ರವನ್ನು ದೊಡ್ಡದು ಮಾಡೋಣವೆಂದು, ಕೈಯಾಡಿಸದ ಮೂಲ ಫೋಟೋವನ್ನು ಪರದೆಯ ತುಂಬ ತೆರೆದಿದ್ದಾರೆ. ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ವನದುರ್ಗದ ಮುದುಕರೊಬ್ಬರು ಬಂದು ಹಿಂದೆ ಕೂತಿದ್ದಾರೆ. ಮುದುಕರು ಕಣ್ಣು ಕಿರಿದು ಮಾಡಿ ನೋಡಿದರಂತೆ.

“ಉರುಲಿಗೆ ಬಿದ್ದದಲ್ರಿ ಪಾಪ.”

“ಎಲ್ಲಿ?”

“ಕಾಲ ನೋಡ್ರಿ. ನೈಲಾನ್ ದಾರ. ಹಕ್ಕಿ ಹಿಡದು ಮಾರೋರು ಜೊಂಡಿಗೆ ಕಟ್ಟಿರ್ತಾರ. ಇದು ಬಿಸಿಲು ಕಾಸ್ಕೊಳ್ಳಾಕತ್ತಿಲ್ರಿ, ಒದ್ದಾಡಾಕತ್ತದ.”

ಇತ್ತು. ಕೂದಲಿನಷ್ಟು ಸಣ್ಣ ಬೂದು ದಾರ, ಎಡಗಾಲಿನಿಂದ ಜೊಂಡಿನ ಬುಡಕ್ಕೆ ಬಿಗಿದುಕೊಂಡಿತ್ತು. ಅಕ್ಟೋಬರಿನಲ್ಲಿ ಚಿತ್ರ ಸಾಫ್ ಮಾಡುವಾಗ ಅವರ ಕೈ ಅದನ್ನು ವೈರು ಎಂದುಕೊಂಡು ಅಳಿಸಿಹಾಕಿತ್ತು. ಕಣ್ಣು ನೋಡುವ ಮೊದಲೇ ಕೈ ಕೆಲಸ ಮುಗಿಸಿತ್ತು. ಇಪ್ಪತ್ತು ಚಿಲ್ಲರೆ ವರ್ಷದ ರೂಢಿ.

ಅವರು ಅಂಗಡಿ ಬಿಟ್ಟು ಆಗಲೇ ಆ ಜೊಂಡಿನ ಹತ್ತಿರ ಹೋದರು. ಎರಡು ತಿಂಗಳಾಗಿತ್ತು, ಹಕ್ಕಿ ಎಲ್ಲಿರಬೇಕು? ಕಟ್ಟಿದವರು ಒಯ್ದರೋ, ಅಲ್ಲೇ ಒಣಗಿತೋ ತಿಳಿಯಲಿಲ್ಲ. ದಾರ ಮಾತ್ರ ಜೊಂಡಿನಲ್ಲಿ ಹಾಗೇ ಇತ್ತು. ಅದನ್ನು ಬಿಚ್ಚಿಕೊಂಡು ನೇರ ನನ್ನ ಕಚೇರಿಗೆ ಬಂದರು. ಮೊಣಕಾಲಿನವರೆಗೆ ಕೆಸರು. ಆ ದಾರವನ್ನು ನನ್ನ ಫೈಲುಗಳ ಮೇಲೆ ಇಟ್ಟರು.

“ಇಪ್ಪತ್ತು ನಿಮಿಷರಿ. ಐದ ಹೆಜ್ಜಿ. ಎರಡ ಬೆರಳಲೆ ಹರದು ಬಿಡಬಹುದಿತ್ತು. ನಾ ಏನ್ ಮಾಡೀನಿ? ಫೋಕಸ್ ಮಾಡಕೋತ ಕೂತೀನಿ. ಜೀವಕ್ಕ ಹೆದರಿ ನನ್ನ ಕಡೆ ನೋಡಾಕತ್ತದ, ನಂಬ್ಯದ ಅಂತ ಊರೆಲ್ಲ ಹೇಳ್ಕೋತ ಅಡ್ಡಾಡೀನಿ. ಸರ, ಈ ಕ್ಯಾಲೆಂಡರ್ ಹಂಚಬ್ಯಾಡ್ರಿ. ಹಂಚಿದ್ರ ಕೆಳಗ ಒಂದ ಸಾಲ ಹಾಕ್ರಿ. ಇದು ಹಾರಾಕತ್ತಿಲ್ಲ, ಉರುಲಿಗೆ ಬಿದ್ದದ, ತಗದಾವ ನೋಡಲಿಲ್ಲ ಅಂತ.”

ಹೊಸ ವರ್ಷದ ದಿನ ಬಿಡುಗಡೆ ಇತ್ತು. ಅತಿಥಿಗಳನ್ನು ಕರೆದಾಗಿತ್ತು, ಇವರಿಗೆ ಹೊದಿಸುವ ಶಾಲು ತಂದಾಗಿತ್ತು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಹಕ್ಕಿಯೂ ಅಲ್ಲ, ಆ ಮನುಷ್ಯನ ಮುಖವೂ ಅಲ್ಲ; ನಾಲ್ಕು ಜನರ ಎದುರು ಕಾರ್ಯದರ್ಶಿಯ ಮರ್ಯಾದೆ.

“ಈಗ ಬ್ಯಾಡ್ರಿ,” ಎಂದೆ. “ಒಂದ ದಾರಕ್ಕ ಯಾಕಿಷ್ಟು? ಮುಂದಿನ ವರ್ಷದ ಕ್ಯಾಲೆಂಡರಿನ್ಯಾಗ ಬರದ್ರಾತು.”

ಅವರು ದಾರ ಎತ್ತಿಕೊಂಡು ಹೋದರು. ಶಾಲು ಹೊದಿಸಿದಾಗ ಮೈಕಿನ ಮುಂದೆ ನಿಂತು “ಈ ಹಕ್ಕೀದು ಏನಂದ್ರ...” ಎಂದು ಶುರು ಮಾಡಿದರು. ಬಲಬದಿಯಲ್ಲಿ ನಿಂತಿದ್ದ ನಾನು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ನನ್ನನ್ನು ನೋಡಿ ಸಭೆಯೆಲ್ಲ ತಟ್ಟಿತು. ಅವರು ಕೈಮುಗಿದು ಇಳಿದರು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹೀಗೆಯೇ.

ಮುಂದಿನ ಡಿಸೆಂಬರಿನಲ್ಲಿ ಬಂದು ಕೇಳಿದರು: “ಈ ವರ್ಷ ಹಾಕ್ತೀರೇನ್ರಿ ಆ ಸಾಲು?” ಸಮಿತಿಯವರು ದೇವರ ಚಿತ್ರ ಆರಿಸಿಬಿಟ್ಟಿದ್ದರು, ದೇವರ ಕೆಳಗೆ ಉರುಲಿನ ಮಾತು ಬರೆಯುವುದು ಹೇಗೆ? ಹಾಗೆಂದು ಹೇಳಿ ಕಳಿಸಿದೆ. ಅದರ ಮುಂದಿನ ವರ್ಷ ಅವರು ಕೇಳಲಿಲ್ಲ.

ಅಷ್ಟರಲ್ಲಿ ಹಕ್ಕಿ ಊರನ್ನೆಲ್ಲ ಹಿಡಿದಿತ್ತು. ವರ್ಷ ಮುಗಿದ ಮೇಲೂ ಜನ ಕ್ಯಾಲೆಂಡರಿನ ಚಿತ್ರ ಕತ್ತರಿಸಿ ಕಟ್ಟು ಹಾಕಿಸಿದರು. ಅದು ಮನೆಯಲ್ಲಿದ್ದರೆ ಒಳ್ಳೆಯದಾಗುತ್ತದೆ ಎಂದು ಯಾರು ಹಬ್ಬಿಸಿದರೋ! ಕಡೇಚೂರಿನ ಫ್ಯಾಕ್ಟರಿ ಕೆಲಸದವರ ಖೋಲಿಯಲ್ಲೂ ಅದನ್ನು ನಾನು ನೋಡಿದ್ದೇನೆ. ತೊಟ್ಟಿಲು ಕಾರ್ಯ, ಮದುವೆ, ಪುಢಾರಿಗಳ ಹುಟ್ಟುಹಬ್ಬ, ಯಾವ ಬ್ಯಾನರಾದರೂ ಮೂಲೆಯಲ್ಲಿ “ಆ ಹಕ್ಕಿ ಹಾಕ್ರಿ.” ಒಮ್ಮೆ ಇವರು ಆಗುವುದಿಲ್ಲ ಎಂದರು. ಗಿರಾಕಿ ಪಕ್ಕದ ಓಣಿಯ ಅಂಗಡಿಗೆ ಹೋಗಿ ಅದೇ ಹಕ್ಕಿ ಹಾಕಿಸಿಕೊಂಡ. ಅದು ಆಗಲೇ ಎಲ್ಲರ ಕಂಪ್ಯೂಟರಿನಲ್ಲೂ ಕೂತಿತ್ತು. ಆಮೇಲೆ ಇವರೂ ಮಾತಿಲ್ಲದೆ ಹಾಕಿಕೊಡತೊಡಗಿದರು. ತಾವು ದಾರ ಅಳಿಸಿದ ಹಕ್ಕಿಯನ್ನು ತಾವೇ ದಿನಾ ಅಂಟಿಸುವುದು. “ಆ ಹಕ್ಕಿ ಹಾಕಿದ ದಿನ ಊಟಕ್ಕ ಕೂಡಂಗಿಲ್ರಿ ಇವರು,” ಎಂದು ಹೆಂಡತಿ ನನ್ನೆದುರೇ ಹೇಳಿದರು. ನಾನು ಚಹಾ ಊದುತ್ತ ಕೂತೆ.

ಸುರಪುರದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುವಾಗ ಗೋಡೆಯ ಚಿತ್ರ ಕಂಡು ಅವರು ಕುರ್ಚಿ ತಿರುಗಿಸಿ ಬೆನ್ನು ಮಾಡಿ ಕೂತರು. ಎದುರಿನ ಗೋಡೆಗೆ ಕನ್ನಡಿ ಇತ್ತು. ಅದರಲ್ಲೂ ಹಕ್ಕಿ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆವು.

ಮುಂಜಾನೆ ಕಾಲುವೆಗೆ ಹೋಗುವುದನ್ನು ಅವರು ಬಿಡಲಿಲ್ಲ. ಆ ದಾರವನ್ನು ಕ್ಯಾಮೆರಾದ ಪಟ್ಟಿಗೆ ಸುತ್ತಿಕೊಂಡಿದ್ದರು. ದೃಷ್ಟಿ ಆಗದಿರಲೆಂದು ಕಟ್ಟಿದ್ದಾರೆ ಎಂದೇ ಎಲ್ಲರ ತಿಳುವಳಿಕೆ. ಒಂದು ದಿನ ನಾನೂ ಜೊತೆಗೆ ಹೋದೆ. ಜೊಂಡಿನ ತುದಿಗೆ ಒಂದು ಕಂದು ಗುಬ್ಬಿಯಂಥದು ಬಂದು ಕೂತಿತು. ಇವರು ಲೆನ್ಸಿನಲ್ಲಿ ಮೊದಲು ಅದರ ಕಾಲು ನೋಡಿದರು. ಕ್ಯಾಮೆರಾ ಕೆಳಗಿಟ್ಟು ಎರಡು ಸಲ ಚಪ್ಪಾಳೆ ತಟ್ಟಿದರು. ಹಕ್ಕಿ ಹಾರಿತು. ಇನ್ನೂ ತೂಗುತ್ತಿದ್ದ ಖಾಲಿ ಜೊಂಡನ್ನು ಆಮೇಲೆ ಕ್ಲಿಕ್ಕಿಸಿದರು.

“ಏನ್ರಿ ಇದು? ಹಕ್ಕಿ ಹೋದ ಮ್ಯಾಲ ತಗೀತೀರಲ್ರಿ?”

“ಹೋತಲ್ರಿ,” ಎಂದರು. “ಹೋಗಿದ್ದರs ಫೋಟೋ ಇದು.”

ಕೊನೆಯ ವರ್ಷಗಳಲ್ಲಿ ಅವರು ತೆಗೆದದ್ದೆಲ್ಲ ಇಂಥವೇ. ಅಲುಗುವ ಕಡ್ಡಿ, ಬರೀ ಟೊಂಗೆ. ಅವುಗಳಲ್ಲಿ ಒಂದಕ್ಕೂ ಕೈಯಾಡಿಸಿರಲಿಲ್ಲ. ಸಭೆಯಲ್ಲಿ ನಾನು ತಟ್ಟಿದ ಚಪ್ಪಾಳೆ ಆ ಮುಂಜಾನೆಯ ನಂತರ ನನಗೆ ಮರೆತುಹೋಗಲೇ ಇಲ್ಲ.

ಕಳೆದ ವರ್ಷ ಎದೆನೋವೆಂದಾಗ ಯಾದಗಿರಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದವನು ನಾನು. ಡಾಕ್ಟರ ಕುರ್ಚಿಯ ಹಿಂದೆಯೇ, ಗಾಜಿನ ಕಟ್ಟಿನಲ್ಲಿ, ಅದೇ ಹಕ್ಕಿ, ಕೆಳಗೆ ನಾನಿಟ್ಟ ಹೆಸರು. ಡಾಕ್ಟರು ತಲೆ ಎತ್ತಿ ಉದ್ದ ಉಸಿರು ತೆಗೆದುಕೊಳ್ಳಿ ಎಂದು ಎರಡು ಸಲ ಹೇಳಿದರು. ಇವರು ತಲೆ ಎತ್ತಲೇ ಇಲ್ಲ, ನೆಲ ನೋಡುತ್ತಲೇ ಉಸಿರೆಳೆದರು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾತು ತೆಗೆದರು.

“ಸರ, ಆ ಒಂದ ಸಾಲು...”

“ಮೊದಲ ಆರಾಮ ಆಗ್ರಿ, ಆಮ್ಯಾಲ ನೋಡೋಣ,” ಎಂದೆ. ಕಾಳಜಿಯಿಂದಲೇ ಅಂದೆ ಎಂದು ನನ್ನನ್ನು ನಾನು ನಂಬಿಸಿಕೊಂಡಿದ್ದೇನೆ.

ಅವರು ಆರಾಮ ಆಗಲಿಲ್ಲ. ಮೊನ್ನೆ ಮುಂಜಾನೆ ಮೊಪೆಡ್ಡಿನ ಚೀಲಕ್ಕೆ ಕ್ಯಾಮೆರಾ ಹಾಕುತ್ತಿದ್ದವರು ಅಂಗಳದಲ್ಲೇ ಕುಸಿದರು.

ಬ್ಯಾನರು ನೋಡಿದವನು ನೇರ ಅವರ ಮನೆಗೆ ಹೋದೆ. ಹೆಂಡತಿ ನನ್ನನ್ನು ಕೂರಿ ಎನ್ನಲಿಲ್ಲ. ಒಳಗೆ ಹೋಗಿ ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟರು. ಅದಕ್ಕೆ ಆ ಬೂದು ದಾರ ಸುತ್ತಿತ್ತು.

“ಇದನ್ನ ನಿಮಗ ಕೊಡು ಅಂತ ಅವರೇನು ಹೇಳಿಲ್ರಿ. ನಾನs ಕೊಡಾಕತ್ತೀನಿ. ಏಳು ವರ್ಷ ಆ ಹಕ್ಕಿ ಅವರನ್ನ ತಿಂತು, ಈಗ ತಲಿ ಮ್ಯಾಲೂ ಕೂತದ. ಅವರ ದಿವಸದ ಊಟ ಆಗೂದ್ರೊಳಗ ಅದನ್ನ ಸರಿ ಮಾಡಸ್ರಿ. ಅದನ್ನ ಊರಿಗೆ ತಂದವರು ನೀವs.”

“ಕೆಳಗ ಒಂದ ಸಾಲು ಬರೆಸ್ಲೇನ್ರಿ ಅಕ್ಕಾವ್ರ? ಅವರು ಹೇಳಿದ್ದು...”

“ಬ್ಯಾನರಿನ್ಯಾಗ ಬರದದ್ದು ಯಾರು ಓದ್ತಾರ್ರಿ? ದಾರ ಕಾಣಲಿ. ಕೇಳಿದವರಿಗೆ ನೀವು ಹೇಳ್ರಿ. ಬಾಯಿಲೆ ಹೇಳ್ರಿ.”

ಬ್ಯಾನರು ಮಾಡಿಕೊಟ್ಟಿದ್ದ ಪಕ್ಕದ ಓಣಿಯ ಅಂಗಡಿಯಾತ ಅವರ ಕೈಯಲ್ಲೇ ಕೆಲಸ ಕಲಿತು ಈಗ ತಲೆ ನರೆತವನು. ಪೆನ್‌ಡ್ರೈವ್ ಹಾಕಿದ. ಪರದೆಯ ಮೇಲೆ ಮೂಲ ಚಿತ್ರ ತೆರೆಯಿತು. ಏಳು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ನೋಡಲು ನಾನು ಯಾವತ್ತೂ ಕೇಳಿರಲಿಲ್ಲ. ದಾರ ಕಣ್ಣಾರೆ ಕಂಡ ಮೇಲೆ ಇಡೀ ಹಕ್ಕಿಯೇ ಬೇರೆಯಾಗಿತ್ತು. ಕೊಕ್ಕು ತೆರೆದಿತ್ತು. ರೆಕ್ಕೆಗಳೆರಡೂ ಒಂದೇ ದಿಕ್ಕಿಗೆ ಜಗ್ಗುತ್ತಿದ್ದವು. ಅದು ನೋಡುತ್ತಿದ್ದುದು ಈಗ ನನ್ನ ಕಡೆಗೆ.

ಮತ್ತೆ ಅದರ ಕಾಲಿನ ಕಡೆ ನೋಡುವಷ್ಟರಲ್ಲಿ ದಾರ ಇರಲಿಲ್ಲ. ಅಂಗಡಿಯಾತನ ಕೈ ಆಗಲೇ ಅದನ್ನು ಒರೆಸಿಹಾಕಿತ್ತು.

“ವಾಪಸ್ ತರ್ರಿ,” ಎಂದೆ.

“ಏನ್ರಿ?”

“ದಾರ. ಈಗ ಅಳಿಸಿದ್ರಲ್ಲ, ಅದು.”

ಅವನಿಗೆ ತಾನು ಅಳಿಸಿದ್ದೇ ಗೊತ್ತಿರಲಿಲ್ಲ. ಒಂದು ಗುಂಡಿ ಒತ್ತಿದ, ದಾರ ಬಂತು. ಆಗ ಅವನಿಗೆ ಎಲ್ಲ ಹೇಳಿದೆ. ಜೊಂಡು, ಮುದುಕರು, ನನ್ನ ಕಚೇರಿ, ನಾನು ತಟ್ಟಿದ ಚಪ್ಪಾಳೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಬ್ಯಾನರಿನ ಫೈಲು ತೆರೆದ. ಮುಖದ ಸುಕ್ಕು, ಕೆಂಪು ಹಲ್ಲು, ಬೋಳು ತಲೆ ಒಂದೊಂದಾಗಿ ತಿರುಗಿ ಹಾಕಿದ. ಗುರುಗಳು ಹೀಗೇ ಇದ್ದರು ನೋಡ್ರಿ ಎಂದು ಕಣ್ಣೊರೆಸಿಕೊಂಡ.

ಮರುದಿನ ಮಧ್ಯಾಹ್ನ ಹಳೆಯದನ್ನು ಇಳಿಸಿ ಹೊಸ ಬ್ಯಾನರು ಕಟ್ಟಿಸಿದೆ. ದಾರ ಚೆನ್ನಾಗಿ ಕಾಣುತ್ತಿತ್ತು. ಹಕ್ಕಿಯ ಎಡಗಾಲಿನಿಂದ ಇಳಿದು ಅವರ ಹೆಗಲಿನ ಹತ್ತಿರ ಮುಗಿಯುತ್ತಿತ್ತು. ಕೆಳಗಿನ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಆಟೋದವನು ಗಾಡಿ ನಿಲ್ಲಿಸಿ ಮೇಲೆ ನೋಡಿದ.

“ಹಕ್ಕಿ ಕಾಲಿಗೆ ಏನೋ ವೈರ್ ಬಂದದಲ್ರಿ ಯಜಮಾನ್ರ. ಅಳಸೂದು ಮರತಾರೇನು?”

“ವೈರಲ್ಲಪಾ, ಉರುಲು,” ಎಂದು ಸರಿದು ಜಾಗ ಮಾಡಿದೆ. “ಗಾಡಿ ಬಂದ್ ಮಾಡಿ ಬಾ. ಕೂಡು, ಹೇಳ್ತೀನಿ.”